ವೆಂಟಿಲೇಟರ್ ರೋಗಿಗೆ ರೈಲ್ಸ್ ಟ್ಯೂಬ್ ಫೀಡ್: 220 ಮಿಲಿ ವಾಪಸ್ ಬಂದರೆ ನಿಲ್ಲಿಸಬೇಕೇ?

ಪ್ರಶ್ನೆ | ಐಸಿಯು ಸ್ಟಾಫ್ ನರ್ಸ್, ಶಿರಸಿ
ಇಲಿಜ್ವರದ ರೋಗಿ, 60 ಕೆಜಿ, ವೆಂಟಿಲೇಟರಿನಲ್ಲಿ ಎರಡನೇ ದಿನ. ನಾರ್‌ಅಡ್ರಿನಲಿನ್ (ಬಿಪಿ ಏರಿಸುವ ಔಷಧಿ) ಡೋಸ್ ಇಳಿಯುತ್ತಾ ಬಂದಿದೆ. ಕ್ರಿಯಾಟಿನಿನ್ (ಕಿಡ್ನಿ ಸೋತಾಗ ರಕ್ತದಲ್ಲಿ ಏರುವ ಅಂಶ) ಏರಿದೆ. ರೈಲ್ಸ್ ಟ್ಯೂಬಿನಲ್ಲಿ (ಮೂಗಿನಿಂದ ಹೊಟ್ಟೆಗೆ ಇಳಿಸಿದ ನಳಿಕೆ) ಎರಡು ತಾಸಿಗೊಮ್ಮೆ ಸಿರಿಂಜಿನಿಂದ 150 ಮಿಲಿ ಫೀಡ್ ಕೊಡುತ್ತಿದ್ದೇವೆ, ಬೆಳಿಗ್ಗೆ ಹೊಟ್ಟೆಯಲ್ಲಿ ಉಳಿದದ್ದನ್ನು ಎಳೆದಾಗ 220 ಮಿಲಿ ಬಂತು. ವಾಂತಿ ಇಲ್ಲ, ಹೊಟ್ಟೆ ಮೆತ್ತಗಿದೆ. ನಿಲ್ಲಿಸುವುದೇ? ಫೀಡಿಂಗ್ ಪಂಪ್ ಇಲ್ಲ. ಮನೆಯವರು ಗಂಜಿತಿಳಿ, ಎಳನೀರು ತರುತ್ತೇವೆ ಎನ್ನುತ್ತಿದ್ದಾರೆ.

ಉತ್ತರ 1 | ಐಸಿಯು ವೈದ್ಯ, ಕಾರವಾರ
ನಿಲ್ಲಿಸಬೇಡಿ ಸಿಸ್ಟರ್, ವೇಗ ಇಳಿಸಿ. ಈಗಿನ ಲೆಕ್ಕ ದಿನಕ್ಕೆ 1800 ಮಿಲಿ ಆಗುತ್ತದೆ. ಎರಡನೇ ದಿನಕ್ಕೆ ಅದು ವಿಪರೀತ. ಗಂಟೆಗೆ 20 ಮಿಲಿಯಿಂದ ಶುರು ಮಾಡಿ, ತಡೆದುಕೊಂಡರೆ ಏರಿಸುತ್ತಾ ಮೂರ್ನಾಲ್ಕು ದಿನದಲ್ಲಿ ಗುರಿ ಮುಟ್ಟಿದರೆ ಸಾಕು. ಕೆಜಿಗೆ 25 ಕಿಲೋಕ್ಯಾಲರಿಯಂತೆ 60 ಕೆಜಿಗೆ ದಿನಕ್ಕೆ 1500, ಅಂದರೆ ಮಿಲಿಗೆ 1 ಕಿಲೋಕ್ಯಾಲರಿಯ ಫೀಡ್ ಆದರೆ ಗಂಟೆಗೆ ಸುಮಾರು 62 ಮಿಲಿ. ಪ್ರೊಪೋಫಾಲ್ (ಕೊಬ್ಬಿನ ದ್ರಾವಣದಲ್ಲಿರುವ ನಿದ್ರೆ ಔಷಧಿ) ಓಡುತ್ತಿದ್ದರೆ ಅದರ ಪ್ರತಿ ಮಿಲಿಗೆ 1.1 ಕಿಲೋಕ್ಯಾಲರಿ ಕಳೆಯಿರಿ. ಇದನ್ನು ಮರೆಯುವವರೇ ಹೆಚ್ಚು.

ಎಳೆದದ್ದು 6 ತಾಸಿನಲ್ಲಿ 500 ಮಿಲಿ ಮೀರಿದರೆ ಆಗ ತಡೆಯುವ ಮಾತು. 2013ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನದಲ್ಲಿ ಆಸ್ಪಿರೇಟ್ (ಹೀಗೆ ಎಳೆದದ್ದು) ಅಳೆಯದೇ ಬಿಟ್ಟವರಲ್ಲಿ ವಾಂತಿ ಹೆಚ್ಚಾಯಿತೇ ಹೊರತು ವೆಂಟಿಲೇಟರ್ ನ್ಯುಮೋನಿಯಾ ಹೆಚ್ಚಲಿಲ್ಲ. 200ಕ್ಕೆಲ್ಲ ನಿಲ್ಲಿಸುತ್ತಾ ಹೋದರೆ ದಿನದ ಅರ್ಧ ಫೀಡ್ ಕಾಗದದಲ್ಲೇ ಉಳಿಯುತ್ತದೆ. ಮತ್ತೆ ಮತ್ತೆ ಹೆಚ್ಚು ಬಂದರೆ ಮೆಟೊಕ್ಲೊಪ್ರಮೈಡ್ (ಹೊಟ್ಟೆ ಬೇಗ ಖಾಲಿಯಾಗಿಸುವ ಔಷಧಿ) 10 ಮಿಗ್ರಾಂ 8 ತಾಸಿಗೊಮ್ಮೆ ಐವಿ; ಈ ರೋಗಿಯ ಕಿಡ್ನಿ ನೋಡಿದರೆ ಅರ್ಧ ಡೋಸ್. ನಾರ್‌ಅಡ್ರಿನಲಿನ್ ಮತ್ತೆ ಏರಿತು, ಲ್ಯಾಕ್ಟೇಟ್ (ಅಂಗಾಂಗಕ್ಕೆ ಆಮ್ಲಜನಕ ಸಾಲದಾಗ ರಕ್ತದಲ್ಲಿ ಏರುವ ಅಂಶ) ಏರಿತು, ಹೊಟ್ಟೆ ಉಬ್ಬಿತು ಎಂದರೆ ಮಾತ್ರ ನಿಲ್ಲಿಸಿ ಫೋನ್ ಮಾಡಿ.

ಉತ್ತರ 2 | ಡಯೆಟಿಷಿಯನ್, ಕುಮಟಾ
ಎಳನೀರು ಸದ್ಯ ಖಂಡಿತ ಬೇಡ, ಕಿಡ್ನಿ ಸೋತಿರುವಾಗ ಅದರ ಪೊಟ್ಯಾಸಿಯಂ ಅಪಾಯ. ಗಂಜಿತಿಳಿಯಲ್ಲಿ ಪ್ರೋಟೀನ್ ಎಲ್ಲಿದೆ? ಈ ರೋಗಿಗೆ ಕೆಜಿಗೆ 1.3 ಗ್ರಾಂನಂತೆ 78 ಗ್ರಾಂ ಬೇಕು. ಕ್ರಿಯಾಟಿನಿನ್ ಏರಿದೆಯೆಂದು ಪ್ರೋಟೀನ್ ಕಡಿತ ಮಾಡಬೇಡಿ. ಸಾಮಾನ್ಯ ಫಾರ್ಮುಲಾದಲ್ಲಿ ಲೀಟರಿಗೆ 40 ಗ್ರಾಂ ಆಸುಪಾಸು. 1500 ಮಿಲಿಗೆ 60 ಆಯಿತು, ಉಳಿದದ್ದಕ್ಕೆ ಪ್ರೋಟೀನ್ ಪುಡಿ. ಗಟ್ಟಿ ಗಂಜಿ ಟ್ಯೂಬ್ ಕಟ್ಟಿಸುತ್ತದೆ, ಸೋಸಿ ತೆಳ್ಳಗೆ ಮಾಡಿದರೆ ನೀರೇ ಹೋಗುತ್ತದೆ. ಕಲಸಿದ ಪುಡಿ 4 ತಾಸಿಗಿಂತ ಹೆಚ್ಚು ತೂಗುಹಾಕಬೇಡಿ. ಕರಾವಳಿಯ ಸೆಕೆಯಲ್ಲಿ ಅಡುಗೆಮನೆಯ ಫೀಡ್ ಎರಡು ತಾಸಿಗೇ ಕೆಡಬಹುದು. ಬರುವ ಮುಂಚೆ ವಾರಗಟ್ಟಲೆ ಊಟ ಬಿಟ್ಟಿದ್ದರೇ ಎಂದು ಮನೆಯವರನ್ನು ಕೇಳಿ. ಹೌದಾದರೆ ಮೊದಲು ಥಯಾಮಿನ್ (ವಿಟಮಿನ್ ಬಿ1), ಆಮೇಲೆ ಫೀಡ್, ಜೊತೆಗೆ ದಿನಾ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಪರೀಕ್ಷೆ. ಫಾಸ್ಫೇಟ್ ಕುಸಿದರೆ ವಪೆ (ಉಸಿರಾಟದ ಮುಖ್ಯ ಸ್ನಾಯು) ದುರ್ಬಲವಾಗಿ ವೆಂಟಿಲೇಟರ್ ಬಿಡಿಸುವುದು ಕಷ್ಟ.

ಉತ್ತರ 3 | ಸೀನಿಯರ್ ಸಿಸ್ಟರ್, ಅಂಕೋಲಾ
ಪಂಪ್ ಇಲ್ಲದಿದ್ದರೆ ಫೀಡಿಂಗ್ ಬ್ಯಾಗಿನ ರೋಲರ್ ಕ್ಲ್ಯಾಂಪೇ ಸಾಕು. 20 ಹನಿಗೆ 1 ಮಿಲಿ ಬೀಳುವ ಸೆಟ್ ಆದರೆ ನಿಮಿಷಕ್ಕೆ 10 ಹನಿ, ಗಂಟೆಗೆ 30 ಮಿಲಿ. ಬ್ಯಾಗ್ ಖಾಲಿಯಾದಂತೆ ಹನಿ ನಿಧಾನವಾಗುತ್ತದೆ, ಗಂಟೆಗೊಮ್ಮೆ ನೋಡಿ. ಐವಿ ಸೆಟ್ ಮಾತ್ರ ಬಳಸಬೇಡಿ ಮಾರಾಯ್ರೆ, ರಾತ್ರಿ ಪಾಳಿಯಲ್ಲಿ ಯಾರೋ ಅದನ್ನು ರಕ್ತನಾಳಕ್ಕೆ ಜೋಡಿಸಿದರೆ ಮುಗಿಯಿತು.

ಹೊಸ ಟ್ಯೂಬಿಗೆ ಎಕ್ಸ್‌ರೇ ಆಗದೆ ಫೀಡ್ ಇಲ್ಲ. ಗಾಳಿ ಊದಿ ಸ್ಟೆತಸ್ಕೋಪಿನಲ್ಲಿ ಕೇಳಿದ ಸದ್ದು ಶ್ವಾಸಕೋಶದಿಂದಲೂ ಬರುತ್ತದೆ. ಮೂಗಿನ ಹತ್ತಿರದ ಗುರುತನ್ನು ಪ್ರತಿ ಪಾಳಿಯಲ್ಲೂ ಬರೆದಿಡಿ. ತಲೆ 30ರಿಂದ 45 ಡಿಗ್ರಿ, 4 ತಾಸಿಗೊಮ್ಮೆ 30 ಮಿಲಿ ನೀರು, ಔಷಧಿ ಒಂದೊಂದಾಗಿ. ಮಂಗಳೂರಿಗೆ ಕಳಿಸುವುದಾದರೆ ಕುಮಟಾ ದಾರಿಯ ದೇವಿಮನೆ ಘಾಟಿನ ತಿರುವಿಗೆ ಮುಂಚೆಯೇ ಫೀಡ್ ನಿಲ್ಲಿಸಿ, ಹೊಟ್ಟೆ ಖಾಲಿ ಮಾಡಿ, ಟ್ಯೂಬನ್ನು ಬ್ಯಾಗಿಗೆ ತೆರೆದಿಡಿ. ಎಷ್ಟು ಗಂಟೆಗೆ ನಿಲ್ಲಿಸಿದಿರಿ ಎಂದು ರೆಫರಲ್ ಚೀಟಿಯಲ್ಲಿ ಬರೆಯಿರಿ.