ಕ್ಲಚ್ ಮೋಟಾರ್ ತೆಗೆದು ಸರ್ವೋ ಹಾಕಿದರೆ ಬಿಲ್ ನಿಜವಾಗ್ಲೂ ಇಳಿಯುತ್ತಾ?

ಕೌಲ್‌ಬಜಾರ್ ಅಕ್ಕ:
ಬಳ್ಳಾರಿ ಕೌಲ್ ಬಜಾರಿನಲ್ಲಿ ನಮ್ಮದೊಂದು ಸಣ್ಣ ಜೀನ್ಸ್ ಹೊಲಿಗೆ ಶೆಡ್. ಆರು ಮಷೀನು, ಎಲ್ಲಕ್ಕೂ ಹಳೇ ಅರ್ಧ ಎಚ್‌ಪಿ ಕ್ಲಚ್ ಮೋಟಾರ್. ಬರೀ ಜಾಬ್ ವರ್ಕ್. ಬಟ್ಟೆ ಮಾಲೀಕರದು, ಕತ್ತರಿಸಿಯೇ ಕಳಿಸ್ತಾರೆ, ಪೀಸಿಗೆ ಇಷ್ಟು ಅಂತ ಕೂಲಿ ನಮ್ಮದು. ಆ ಕೂಲಿ ಏರಲ್ಲ, ಕರೆಂಟ್ ಬಿಲ್ ಮಾತ್ರ ಏರ್ತಾನೇ ಇದೆ. ಮನೆಯದು ಗೃಹಜ್ಯೋತಿಯಲ್ಲಿ ಸೊನ್ನೆ ಬರುತ್ತೆ. ಶೆಡ್ಡಿನ ಮೀಟರ್ ಬೇರೆ, ಅದಕ್ಕೆ ಅದೆಲ್ಲ ಇಲ್ಲ.

ಮೊನ್ನೆ ಮಷೀನ್ ಅಂಗಡಿಯವರು ‘ಸರ್ವೋ ಹಾಕಿ, ಬಿಲ್ ಅರ್ಧ ಆಗುತ್ತೆ’ ಅಂದರು. ಒಂದಕ್ಕೆ 4,500, ಆರಕ್ಕೆ 27,000. ನಮ್ಮನೆಯವರು ಹಾಕೇಬಿಡೋಣ ಅಂತಾರೆ. ಲೆಕ್ಕ ಬರೆಯೋಳು ನಾನು, ದುಡ್ಡು ಬಿಚ್ಚೋಕೆ ಕೈ ಬರ್ತಿಲ್ಲ. ಹಾಕಿದವರು ಯಾರಾದ್ರೂ ಹೇಳಿ.

ಬಾಬಿನ್ ಕೇಸ್:
ಅಂಗಡಿಯವರ ಮಾತು ಬಿಡಿ ಅಕ್ಕಾ, ನಿಮ್ಮ ಮೀಟರನ್ನೇ ಕೇಳಿ. ಕ್ಲಚ್ ಮೋಟಾರ್ ಸ್ವಿಚ್ ಹಾಕಿದ ಕೂಡಲೇ ಗುಂಯ್ ಅಂತ ತಿರುಗೋಕೆ ಶುರು ಮಾಡುತ್ತೆ. ಟೇಲರ್ ಬಂಡಲ್ ಬಿಚ್ಚಲಿ, ದಾರ ಪೋಣಿಸಲಿ, ಟೀ ಕುಡಿಯಲಿ, ಅದು ನಿಲ್ಲಲ್ಲ. ಸರ್ವೋ ಪೆಡಲ್ ಒತ್ತಿದಾಗ ಮಾತ್ರ ತಿರುಗುತ್ತೆ. ಉಳಿತಾಯ ಇರೋದೇ ಅಲ್ಲಿ.

ಊಟದ ಹೊತ್ತಲ್ಲಿ ಫ್ಯಾನು, ಲೈಟು, ಇಸ್ತ್ರಿ ಎಲ್ಲ ಆಫ್ ಮಾಡಿ. ಆರೂ ಮಷೀನ್ ಆನ್ ಮಾಡಿ, ಪೆಡಲ್ ಮುಟ್ಟದೆ ಅರ್ಧ ಗಂಟೆ ಬಿಡಿ. ಮೊದಲೊಮ್ಮೆ, ಆಮೇಲೊಮ್ಮೆ ರೀಡಿಂಗ್ ಬರೆದುಕೊಳ್ಳಿ. ಸುಮ್ನೆ ಎಷ್ಟು ಉರೀತಿದೆ ಅಂತ ಗೊತ್ತಾಗುತ್ತೆ.

ಮುಂಡ್ರಿಗಿ ರೋಡ್:
ನಾನು 550 ವ್ಯಾಟಿನದು ಹಾಕಿ ಕೈ ಸುಟ್ಟುಕೊಂಡೆ. ತೆಳು ಬಟ್ಟೆಗೆ ಅದು ಸಾಕು. ಜೀನ್ಸಿನಲ್ಲಿ ಎಲ್ಲ ಮಡಿಕೆ ಒಂದಾಗೋ ಸೀಟ್ ಜಾಯಿಂಟ್ ಇದೆಯಲ್ಲ, ಅಲ್ಲಿ ನಿಧಾನಕ್ಕೆ ಹೊಲಿಯುವಾಗ ಸೂಜಿ ಬಟ್ಟೆಯೊಳಗೇ ನಿಂತುಬಿಡ್ತಿತ್ತು. ಟೇಲರ್ ಕೈಯಿಂದ ಚಕ್ರ ತಿರುಗಿಸಬೇಕು, ಬೈಗುಳ ನನಗೆ. 750 ವ್ಯಾಟಿನದು ಹಾಕಿದ ಮೇಲೆ ಸರಿಹೋಯ್ತು.

ಆಮೇಲೆ, ಹಳೇ ಮೋಟಾರ್ 3 ಫೇಸಿನವಾದ್ರೆ ಹುಷಾರು. ಈ ಸರ್ವೋಗಳು ಸಿಂಗಲ್ ಫೇಸ್. ಆರನ್ನೂ ಒಂದೇ ಫೇಸಿಗೆ ಕೊಡಬೇಡಿ, ಎರಡೆರಡು ಹಂಚಿ. ನ್ಯೂಟ್ರಲ್ ಗಟ್ಟಿ ಇದೆಯಾ ಅಂತ ಮೊದಲೇ ನೋಡಿಸಿ. ಅದು ಸಡಿಲಾದ ದಿನ ಸರ್ವೋ ನಡೆಸೋ ನನ್ನ ಎರಡು ಕಂಟ್ರೋಲ್ ಬಾಕ್ಸ್ ಒಟ್ಟಿಗೆ ಸುಟ್ಟುಹೋದವು.

ಸಿಂಧನೂರು ಅಣ್ಣ:
ಕರೆಂಟ್ ಏನು ಮಹಾ, ಕಟಿಂಗಲ್ಲಿ ಹಾಳಾಗೋ ಬಟ್ಟೆ ಉಳಿಸಿ.

ಕೌಲ್‌ಬಜಾರ್ ಅಕ್ಕ:
ಬಟ್ಟೆ ನಮ್ಮದಲ್ಲ ಅಣ್ಣಾ, ಮೇಲೇ ಬರೆದಿದ್ದೀನಿ.

ಮೀಟರ್ ನೋಡಿದೆ. ಅರ್ಧ ಗಂಟೆಗೆ ಅರ್ಧ ಯೂನಿಟ್, ಒಂದೂ ಹೊಲಿಗೆ ಬೀಳದೆ! ಮಾರನೇ ದಿನ ಗಡಿಯಾರ ಹಿಡಿದು ಒಬ್ಬೊಬ್ಬರ ಪಕ್ಕ ಕೂತೆ. ಗಂಟೆಗೆ ಸೂಜಿ ಓಡೋದು 20 ನಿಮಿಷ ಇದ್ದೀತು. ದಿನಕ್ಕೆ 9 ಗಂಟೆ ಕೆಲಸ, ಅದರಲ್ಲಿ 6 ಗಂಟೆ ಖಾಲಿ ತಿರುಗೋದು. ಅಂದ್ರೆ 6 ಯೂನಿಟ್. ತಿಂಗಳಿಗೆ 25 ದಿನ ಹಿಡಿದ್ರೆ 150. ಯೂನಿಟ್ಟಿಗೆ 7 ರೂಪಾಯಿ ಅಂದುಕೊಂಡ್ರೂ 1,050. ನಮ್ಮ ಬಿಲ್ 4,200. ಅರ್ಧ ಎಲ್ಲಿ ಬಂತು, ಕಾಲು ಭಾಗ ಅಲ್ವಾ? 27,000 ವಾಪಸ್ ಬರೋಕೆ ಎರಡು ವರ್ಷ ದಾಟುತ್ತೆ. ನಡುವೆ ಒಂದು ಬಾಕ್ಸ್ ಸುಟ್ಟರೆ ಅದೂ ಇಲ್ಲ.

ಅದಕ್ಕೆ ಆರಕ್ಕೂ ಬೇಡ ಅಂದೆ. ಜಿಪ್ ಹಚ್ಚೋ ಮಷೀನು, ಲೇಬಲ್ ಹಚ್ಚೋ ಮಷೀನು ಎಲ್ಲಕ್ಕಿಂತ ಜಾಸ್ತಿ ಹೊತ್ತು ಖಾಲಿ ಇರ್ತವೆ. ಸದ್ಯ ಆ ಎರಡಕ್ಕೆ ಮಾತ್ರ, 750 ವ್ಯಾಟಿನದೇ. ಉಳಿದ ನಾಲ್ವರಿಗೆ ಎದ್ದಾಗಲೆಲ್ಲ ಸ್ವಿಚ್ ಆಫ್ ಮಾಡಿ ಅಂದೆ. ಸ್ವಿಚ್ ಟೇಬಲ್ ಕೆಳಗಿದೆ, ಪ್ರತಿಸಲ ಬಗ್ಗೋಕಾಗಲ್ಲ ಅಂತ ಗೊಣಗಿದರು. ಪೀಸ್ ಲೆಕ್ಕದಲ್ಲಿ ಹೊಲಿಯೋರು, ಗೊಣಗದೆ ಇರ್ತಾರಾ? ನಾಲ್ಕೂ ಸ್ವಿಚ್ ಕೈಗೆ ಸಿಗೋ ಹಾಗೆ ಮೇಲೆ ಹಾಕಿಸಿದೆ. ಈಗ ಟೀ ಹೊತ್ತಲ್ಲಿ ಶೆಡ್ಡಿನೊಳಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತೆ.