ಕತ್ತಲ ಮನೆ, ಕರಿ ಬೆಕ್ಕು: ಫೋಟೊ ತೆಗೆಯೋದು ಹೇಗೆ?

ಜಗಲಿಕಟ್ಟೆ:
ನಮ್ಮದು ಸಾಗರದ ಹತ್ತಿರ ಹಳೇ ಹಂಚಿನ ಮನೆ. ಮಳೆಗಾಲದಲ್ಲಿ ಮಧ್ಯಾಹ್ನ ಮೂರಕ್ಕೇ ಲೈಟ್ ಹಾಕಬೇಕು, ಅದೂ ಕರೆಂಟ್ ಇದ್ದರೆ. ನಮ್ಮ ಬೆಕ್ಕಿನ ಹೆಸರು ಕಾಡಿಗೆ. ಹೆಸರಿಗೆ ತಕ್ಕ ಹಾಗೆ ಮೂಗಿನಿಂದ ಬಾಲದ ತುದಿವರೆಗೂ ಕಪ್ಪು. ವಯಸ್ಸು ಹನ್ನೊಂದು. ದಿನವಿಡೀ ಬಚ್ಚಲೊಲೆ ಪಕ್ಕ ಗೋಣಿಚೀಲದ ಮೇಲೆ ಬಿದ್ದುಕೊಂಡಿರ್ತಾಳೆ. "ಅದು ಇರೋದ್ರೊಳಗೆ ಒಂದು ಚಂದದ ಫೋಟೊ ತೆಗೆದಿಡು" ಅಂತ ಅಮ್ಮ ಹೇಳಿ ಎರಡು ತಿಂಗಳಾಯ್ತು.

ಕ್ಯಾಮೆರಾ ಕ್ಯಾನನ್ 1500ಡಿ, ಜತೆಗೆ ಬಂದ 18-55 ಲೆನ್ಸ್. ಫ್ಲ್ಯಾಷ್ ಹಾಕಿದರೆ ಕಣ್ಣೆರಡೂ ಹಸಿರು ಟಾರ್ಚು, ಕೊಳ್ಳಿದೆವ್ವದ ಹಾಗೆ. ಫ್ಲ್ಯಾಷ್ ಇಲ್ಲದೆ ಪೂರ್ತಿ ಝೂಮ್ ಮಾಡಿ ತೆಗೆದರೆ ಶಟರ್ 1/15 ಸೆಕೆಂಡಿಗೆ ಇಳಿಯುತ್ತೆ, ಅವಳು ಕಿವಿ ಅಲ್ಲಾಡಿಸಿದರೂ ಮಸುಕು. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸುತ್ತೆ ಅನ್ನೋ ಅಂಕೆ) 800 ದಾಟಿದರೆ ಫೋಟೊ ಹಾಳು ಅಂತ ಯಾರೋ ಹೇಳಿದ್ದಕ್ಕೆ ಅಲ್ಲಿಗೇ ನಿಲ್ಲಿಸಿದೀನಿ. ಫೋನಿನ ನೈಟ್ ಮೋಡ್‌ನಲ್ಲಿ ತೆಗೆದರೆ ಬಾಲ ಎರಡು ಬಂತು! ಇನ್ನೊಂದು ವಿಚಿತ್ರ: ಫೋಟೊದಲ್ಲಿ ಕಾಡಿಗೆ ಬೂದು ಬಣ್ಣ, ಹಿಂದಿನ ಗೋಡೆ ಬೆಳ್ಳಗೆ ಸುಟ್ಟುಹೋಗಿರುತ್ತೆ. ಹೊಸ ಲೆನ್ಸ್ ತಗೊಳ್ಳಲೇಬೇಕಾ?

ಮೂರನೇ ಮಹಡಿ:
ಐಎಸ್‌ಒ ಏರಿಸಿ ಮಾರಾಯ್ರೆ. ಕಾಳು ಕಾಳಾಗಿ ಬಂದ ಫೋಟೊ ನೋಡಬಹುದು, ಅಲ್ಲಾಡಿದ್ದನ್ನ ಏನು ಮಾಡೋಕಾಗುತ್ತೆ?

ಹಳೇ ಸ್ಟುಡಿಯೋ:
ಇಪ್ಪತ್ತು ವರ್ಷ ಮದುವೆ ಫೋಟೊ ತೆಗೆದವನು ನಾನು. ಕರಿ ಕೋಟಿನ ಮದುಮಗನೂ ನಿಮ್ಮ ಕಾಡಿಗೆಯೂ ಕ್ಯಾಮೆರಾಕ್ಕೆ ಒಂದೇ ತರದ ತಲೆನೋವು.

ಬೂದು ಬೆಕ್ಕು ಅಂದ್ರಲ್ಲ, ರೋಗ ಇರೋದೇ ಅಲ್ಲಿ. ಎದುರಿಗಿರೋದು ಕಪ್ಪೋ ಬಿಳುಪೋ ಕ್ಯಾಮೆರಾದೊಳಗೆ ಬೆಳಕು ಅಳೆಯೋ ಮೀಟರಿಗೆ ಗೊತ್ತಿಲ್ಲ, ಎಲ್ಲವನ್ನೂ ನಡುವಿನ ಬೂದು ಅಂದುಕೊಳ್ಳುತ್ತೆ. ಫ್ರೇಮ್ ತುಂಬ ಕರಿ ಬೆಕ್ಕಿದ್ದರೆ "ಅಯ್ಯೋ, ಕತ್ತಲೆ" ಅಂತ ಶಟರನ್ನ ಇನ್ನಷ್ಟು ಹೊತ್ತು ತೆರೆದಿಡುತ್ತೆ. ಬೆಕ್ಕು ಬೂದಾಗೋದೂ ಅದಕ್ಕೇ, ಅಲ್ಲಾಡೋದೂ ಅದಕ್ಕೇ. ಹಾಗಾಗಿ ಕತ್ತಲೆಯಲ್ಲೂ ಎಕ್ಸ್‌ಪೋಷರನ್ನ ಒಂದು ಸ್ಟಾಪ್ ಮೈನಸ್, ಅಂದ್ರೆ ಬೆಳಕು ಅರ್ಧ, ಮಾಡಬೇಕು. ಇದನ್ನ ಹೇಳಿದರೆ ಯಾರೂ ನಂಬಲ್ಲ.

ಲೆಕ್ಕ ಹಾಕಿ. ಈಗ 1/15. ಐಎಸ್‌ಒ 800ರಿಂದ 3200 ಮಾಡಿದರೆ 1/60. ಮೈನಸ್ ಒಂದು ಮಾಡಿದರೆ 1/125. ಝೂಮ್ ಮಾಡೋದು ಬಿಟ್ಟು ಹತ್ತಿರ ಹೋಗಿ: 55ರಲ್ಲಿ ನಿಮ್ಮ ಲೆನ್ಸ್ ಎಫ್ 5.6ಕ್ಕಿಂತ ತೆರೆಯಲ್ಲ (ಎಫ್ ಅಂಕೆ ಸಣ್ಣದಾದಷ್ಟೂ ಲೆನ್ಸಿನ ಕಂಡಿ ದೊಡ್ಡದು), 24ರ ಹತ್ತಿರ ಎಫ್ 4 ಸಿಗುತ್ತೆ, ಬೆಳಕು ದುಪ್ಪಟ್ಟು. ಅಲ್ಲಿಗೆ 1/250! ಪೈಸೆ ಖರ್ಚಿಲ್ಲ. ಎವಿ (ಎಫ್ ನಾವು ಇಡೋದು, ಶಟರ್ ಕ್ಯಾಮೆರಾ ಆರಿಸೋದು) ಮೋಡ್‌ನಲ್ಲಿಡಿ, ಐಎಸ್‌ಒ ಮಾತ್ರ ಆಟೋಗೆ ಬಿಡಬೇಡಿ. ಬಿಟ್ಟರೆ ಮೈನಸ್ ಮಾಡಿದಾಗ ಅದು ಐಎಸ್‌ಒ ಇಳಿಸಿ ಶಟರನ್ನ ಇದ್ದಲ್ಲೇ ಬಿಡಬಹುದು. 18ಕ್ಕೆ ಇಳಿಸಿ ಮುಖದ ಹತ್ತಿರ ಹೋದರೆ ಬರೀ ಮೂಗೇ ಕಾಣುತ್ತೆ, ಅದೂ ಬೇಡ.

ಹಂಚಿನ ಮನೆ ಅಂದ್ರಿ. ಗಾಜಿನ ಹಂಚು ಇಲ್ವಾ? ಗೋಣಿಚೀಲ ಎತ್ತಿಕೊಂಡು ಹೋಗಿ ಅದರ ಬೆಳಕು ಬೀಳೋ ಕಡೆ ಹಾಕಿ. ನೇರ ಕೆಳಗಲ್ಲ, ಒಂದು ಮೊಳ ಆಚೆ, ಬೆಳಕು ಪಕ್ಕದಿಂದ ಬರೋ ಹಾಗೆ. ಕಪ್ಪು ತುಪ್ಪಳ ಕಾಣೋದು ಅದರ ಹೊಳಪಿನಿಂದ. ಎದುರಿನಿಂದ ಬೆಳಕು ಬಿದ್ದರೆ ಬೆಕ್ಕಿನ ಆಕಾರದ ತೂತು ಅಷ್ಟೆ. ಕತ್ತಲೆ ಇರೋ ಕಡೆ ಒಂದು ಬಿಳಿ ಪಂಚೆ ಹಿಡಿಸಿ. ಎಲ್‌ಇಡಿ ಬಲ್ಬ್ ಆರಿಸಿಬಿಡಿ. ನಮ್ಮ ಕರೆಂಟ್ 50 ಹರ್ಟ್ಜ್, ಕೆಲವು ಬಲ್ಬು ಸೆಕೆಂಡಿಗೆ ನೂರು ಸಲ ಮಿಣುಕುತ್ತವೆ, 1/250ರಲ್ಲಿ ಫೋಟೊಗೆ ಅಡ್ಡಪಟ್ಟೆ ಬರಬಹುದು.

ನಾಯಿಮನೆ:
ಕಣ್ಣಿನ ಹಿಂದೆ ಕನ್ನಡಿಯಂಥ ಪೊರೆ ಇರೋದ್ರಿಂದ ಫ್ಲ್ಯಾಷ್‌ಗೆ ಹಾಗೆ ಹೊಳೆಯುತ್ತೆ ಅಕ್ಕ. ಮುಂದೆ ಯಾವಾಗಾದರೂ ದುಡ್ಡಾದರೆ 50 ಎಂಎಂ ಎಫ್ 1.8 ನೋಡಿ, ನಿಮ್ಮ 5.6ಕ್ಕೆ ಹೋಲಿಸಿದರೆ ಹತ್ತಿರ ಹತ್ತು ಪಟ್ಟು ಬೆಳಕು. ಆದರೆ ಪೂರ್ತಿ ತೆರೆದರೆ ನಮ್ಮ ನಾಯಿಯದ್ದು ಮೂಗು ಶಾರ್ಪ್, ಕಣ್ಣು ಮಬ್ಬು. ನಾನು 2.8ಕ್ಕೇ ಇಡೋದು. ಫೋಕಸ್ ನಡುವಿನ ಚುಕ್ಕೆಯಿಂದ, ಹತ್ತಿರದ ಕಣ್ಣಿಗೆ.

ಜಗಲಿಕಟ್ಟೆ:
ಗಾಜಿನ ಹಂಚು ಅಡುಗೆಮನೆಯಲ್ಲಿ ಎರಡಿದೆ, ಹಾವಸೆ ಕಟ್ಟಿ ಹಸಿರಾಗಿತ್ತು. ಅಪ್ಪ ಮಳೆ ಬಿಟ್ಟಾಗ ಏಣಿ ಹಾಕಿ ಒರೆಸಿಕೊಟ್ಟರು, ಬೈದುಕೊಂಡೇ. ಗೋಣಿಚೀಲ ಎಳೆದು ತಂದರೆ ಕಾಡಿಗೆ ಎದ್ದು ಬಚ್ಚಲಿಗೇ ವಾಪಸ್. ಮೂರನೇ ದಿನ ಚೀಲದಡಿ ಬಿಸಿನೀರಿನ ಬಾಟಲಿ ಇಟ್ಟೆ. ಬಂದು ಕೂತಳು.

3200, ಎಫ್ 4, ಮೈನಸ್ ಒಂದು. ಶಟರ್ 1/200 ಬಂತು. ನಲವತ್ತು ತೆಗೆದೆ, ಮೂವತ್ತೆಂಟು ದಂಡ. ಒಂದರಲ್ಲಿ ಬಲಗಿವಿ ಫ್ರೇಮಿನ ಆಚೆ ಹೋಗಿದೆ, ಆದರೆ ಕಣ್ಣು ಎಷ್ಟು ಚೆನ್ನಾಗಿದೆ ಅಂದರೆ ಒಳಗೆ ಹಂಚಿನ ಚೌಕ ಕಾಣ್ತದೆ. ಬೆನ್ನಿನ ಕೂದಲು ಕಪ್ಪಲ್ಲ, ಅಂಚಿನಲ್ಲಿ ಕಾಫಿ ಬಣ್ಣ; ಹನ್ನೊಂದು ವರ್ಷ ನೋಡೇ ಇರಲಿಲ್ಲ.

ಅಮ್ಮನಿಗೆ ಫೋನಿನಲ್ಲಿ ತೋರಿಸಿದೆ. ಕನ್ನಡಕ ಹಾಕಿ, ದೊಡ್ಡದು ಮಾಡಿ ನೋಡಿ, "ಎಡಗಡೆ ಮೀಸೆ ನೋಡು, ಸುಟ್ಟು ಮುರುಟಿದೆ. ಅದಕ್ಕೇ ಹೇಳೋದು ಒಲೆ ಹತ್ತಿರ ಬಿಡಬೇಡ ಅಂತ" ಅಂದರು. ಚೀಲ ಈಗ ಒಲೆಯಿಂದ ಎರಡು ಅಡಿ ಆಚೆ ಇದೆ. ಅವಳು ಒಲೆ ಪಕ್ಕ ಬರೀ ನೆಲದ ಮೇಲೆ ಮಲಗಿದಾಳೆ.