ಐಐಎಸ್‌ಸಿ ಆವರಣದಲ್ಲಿ ಆಸ್ಪತ್ರೆ: ಬೇಕಿತ್ತೇ?

ಮತ್ತಿಕೆರೆಯವನು:
ಭಾರತೀಯ ವಿಜ್ಞಾನ ಸಂಸ್ಥೆಯ ಬೆಂಗಳೂರು ಆವರಣಕ್ಕೆ 800 ಹಾಸಿಗೆಗಳ ಆಸ್ಪತ್ರೆ ಬರುತ್ತಿದೆ, ಜೊತೆಗೆ ಸ್ನಾತಕೋತ್ತರ ವೈದ್ಯಕೀಯ ಶಾಲೆ. ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು ಇದಕ್ಕೆ 425 ಕೋಟಿ ರೂಪಾಯಿ ಕೊಡುವುದಾಗಿ 2022ರಲ್ಲಿ ಘೋಷಣೆಯಾಯಿತು. ಇದಕ್ಕೂ ಮೂಗು ಮುರಿಯುವವರಿದ್ದಾರೆ! 2011ರಲ್ಲಿ ನಾಲ್ಕು ವರ್ಷದ ಪದವಿ ಆರಂಭಿಸಿದರು, 2022ರಲ್ಲಿ ಗಣಿತ ಮತ್ತು ಕಂಪ್ಯೂಟಿಂಗ್ ಬಿ.ಟೆಕ್. ತಂದರು. ಆಕಾಶವೇನೂ ಕಳಚಿ ಬೀಳಲಿಲ್ಲ. ಬೆಳೆಯುವ ಸಂಸ್ಥೆಗೆ ಅಡ್ಡಗಾಲು ಹಾಕಬೇಡಿ.

ಸದಾಶಿವನಗರ ನಿವಾಸಿ:
‘ಅಡ್ಡಗಾಲು’ ಎಂದರೆ ಏನು ಸ್ವಾಮಿ? ಪ್ರಶ್ನೆ ಕೇಳಿದವರೆಲ್ಲ ಅಭಿವೃದ್ಧಿ ವಿರೋಧಿಗಳೇ? ಪಕ್ಕದಲ್ಲಿ ರಾಮಯ್ಯ ಆಸ್ಪತ್ರೆ ಇದೆ, ಮಲ್ಲೇಶ್ವರದಲ್ಲಿ ಕೆ.ಸಿ. ಜನರಲ್ ಇದೆ. ಸಂಜೆ ಆರು ಗಂಟೆಗೆ ಸಿ.ವಿ. ರಾಮನ್ ರಸ್ತೆಯಲ್ಲಿ ನಿಂತು ನೋಡಿ. ಆಂಬುಲೆನ್ಸ್ ಸೈರನ್ ಹಾಕಿಕೊಂಡೇ ನಿಂತಿರುತ್ತದೆ, ಮುಂದಿನ ಆಟೊದವನಿಗೆ ಪಕ್ಕಕ್ಕೆ ಸರಿಯಲು ಒಂದು ಗೇಣು ಜಾಗವಿರುವುದಿಲ್ಲ. ಅಲ್ಲಿಗೆ ಇನ್ನೂ 800 ಹಾಸಿಗೆ!

ಮತ್ತಿಕೆರೆಯವನು:
ರಾಮಯ್ಯಕ್ಕೂ ಇದಕ್ಕೂ ಏನು ಸಂಬಂಧ? ಇಲ್ಲಿ ಎಂಬಿಬಿಎಸ್ ಇಲ್ಲ. ಎಂ.ಡಿ. ಜೊತೆಗೇ ಪಿಎಚ್.ಡಿ. ಮಾಡುವ ವೈದ್ಯ-ವಿಜ್ಞಾನಿಗಳನ್ನು ತಯಾರು ಮಾಡುವುದು ಉದ್ದೇಶ. ಪ್ರಯೋಗಾಲಯದ ಪಕ್ಕದಲ್ಲೇ ರೋಗಿ ಇರಬೇಕು. ಓದಿಕೊಂಡು ಬನ್ನಿ.

ಕುದಾಪುರದ ಹಾದಿ:
ಬೆಂಗಳೂರಿನಲ್ಲಿ ಜಾಗವಿಲ್ಲ ಎಂದು ಅಳುವವರು ನಮ್ಮ ಕಡೆಗೂ ಒಮ್ಮೆ ನೋಡಿ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಇದೇ ಸಂಸ್ಥೆಗೆ 1,500 ಎಕರೆ ಕೊಟ್ಟಿದ್ದಾರೆ. ಅದು ಅಮೃತಮಹಲ್ ಕಾವಲು. ನಮ್ಮ ದನ, ಕುರಿ ಮೇಯುತ್ತಿದ್ದ ಹುಲ್ಲುಗಾವಲು. ಕುರಿಯ ಉಣ್ಣೆಯಿಂದ ಕಂಬಳಿ ನೇಯ್ದು ಬದುಕಿದ ಮನೆಗಳಿವೆ ಇಲ್ಲಿ. ಈಗ ಗೋಡೆಯ ಈಚೆ ಕುರಿ, ಆಚೆ ಹುಲ್ಲು. ಮೇಷ್ಟ್ರುಗಳಿಗೆ ತರಬೇತಿ ಕೇಂದ್ರ ನಡೆಸುತ್ತಾರೆ, ಒಪ್ಪುತ್ತೇನೆ. ಆಸ್ಪತ್ರೆ ಮಾತ್ರ ಬೆಂಗಳೂರಿಗೇ ಏಕೆ?

ಮತ್ತಿಕೆರೆಯವನು:
‘ಒಪ್ಪುತ್ತೇನೆ’ ಎಂದಿರಲ್ಲ, ಅಷ್ಟು ಸಾಕು. ಭೂಮಿ ಕೊಡದೆ ವಿದ್ಯಾಸಂಸ್ಥೆ ಎಲ್ಲಿ ಬೆಳೆಯುತ್ತದೆ? ನೂರು ವರ್ಷದ ಹಿಂದೆ ನಾಲ್ವಡಿ ಕೃಷ್ಣರಾಜ ಒಡೆಯರು 371 ಎಕರೆ ಕೊಡುವಾಗ ನಿಮ್ಮಂಥವರು ಇದ್ದಿದ್ದರೆ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಜನ ಕರೆಯುವ ಈ ಸಂಸ್ಥೆಯೇ ಇರುತ್ತಿರಲಿಲ್ಲ.

ದಫ್ತರ:
ನಾಲ್ವಡಿಯವರಲ್ಲ. ಭೂಮಿಯ ಮಾತು ಕೊಟ್ಟಾಗ ಆಳುತ್ತಿದ್ದವರು ಅವರ ತಾಯಿ, ರೀಜೆಂಟ್ (ಎಳೆಯ ರಾಜರ ಪರವಾಗಿ ಆಳುವವರು) ಮಹಾರಾಣಿ ವಾಣಿವಿಲಾಸ ಸನ್ನಿಧಾನ. ದಿವಾನರು ಶೇಷಾದ್ರಿ ಅಯ್ಯರ್. ನಾಲ್ವಡಿಯವರ ಕೈಗೆ ಅಧಿಕಾರ ಬಂದದ್ದು 1902ರಲ್ಲಿ.

ಮತ್ತಿಕೆರೆಯವನು:
ಮಾತು ಕೊಡುವುದು ಬೇರೆ, ಭೂಮಿ ಕೊಡುವುದು ಬೇರೆ. ಭೂಮಿ ಸಂಸ್ಥೆಗೆ ಸಿಕ್ಕಿದ್ದು 1907ರಲ್ಲಿ. ಆಗ ರಾಜರು ಯಾರು? 1911ರಲ್ಲಿ ಅಡಿಗಲ್ಲು ಹಾಕಿದವರು ಯಾರು?

ದಫ್ತರ:
ಅಡಿಗಲ್ಲು ಹಾಕಿದವರೇ ಮನೆ ಕಟ್ಟಿದವರಾಗುವುದಾದರೆ ಇಂದಿನ ಮಂತ್ರಿಗಳೆಲ್ಲ ಮೇಸ್ತ್ರಿಗಳೇ. ಆ ಹೆಣ್ಣುಮಗಳು ಮಾತು ಕೊಡದೆ ಇದ್ದಿದ್ದರೆ 1907ರಲ್ಲಿ ಯಾವುದನ್ನು ನಡೆಸಿಕೊಡುತ್ತಿದ್ದರು?

ಹಳೆ ಮೈಸೂರು:
ಇಬ್ಬರೂ ಸರ್ ಎಂ.ವಿ. ಅವರನ್ನು ಮರೆತಿರಿ. ಅವರು ದಿವಾನರಾಗಿಲ್ಲದಿದ್ದರೆ ಇದೆಲ್ಲ ಆಗುತ್ತಿತ್ತೇ?

ದಫ್ತರ:
ವಿಶ್ವೇಶ್ವರಯ್ಯನವರು ದಿವಾನರಾದದ್ದು 1912ರಲ್ಲಿ. ಅಷ್ಟರಲ್ಲಿ ರಸಾಯನಶಾಸ್ತ್ರ, ವಿದ್ಯುತ್ ತಂತ್ರಜ್ಞಾನ ಎರಡೂ ವಿಭಾಗಗಳಿಗೆ ಮೊದಲ ತಂಡದ ವಿದ್ಯಾರ್ಥಿಗಳು ಸೇರಿ ಆಗಿತ್ತು.

ಹಳೆ ಮೈಸೂರು:
ಆಮೇಲೆ ಸಂಸ್ಥೆಯ ‘ಕೋರ್ಟ್’ ಎಂಬ ಉನ್ನತ ಸಭೆಗೆ ಅಧ್ಯಕ್ಷರಾಗಿದ್ದರಲ್ಲ! ಅದನ್ನೇಕೆ ಮುಚ್ಚಿಡುತ್ತೀರಿ? ಮೈಸೂರಿನವರ ಹೆಸರು ಬಂದರೆ ಕೆಲವರಿಗೆ ಹೊಟ್ಟೆಯುರಿ.

ದಫ್ತರ:
ನಾನು ಹುಟ್ಟಿದ್ದೇ ಮೈಸೂರಿನ ಒಂಟಿಕೊಪ್ಪಲಿನಲ್ಲಿ.

ಸದಾಶಿವನಗರ ನಿವಾಸಿ:
ನನ್ನ ಪ್ರಶ್ನೆ ವಾಹನ ದಟ್ಟಣೆಯದು. ಯಾರಾದರೂ ಉತ್ತರಿಸುತ್ತೀರಾ?

ಹಳೆ ಮೈಸೂರು:
ಒಂಟಿಕೊಪ್ಪಲಿನಲ್ಲಿ ಹುಟ್ಟಿ ನಾಲ್ವಡಿಯವರನ್ನು ಕಡೆಗಣಿಸುತ್ತೀರಲ್ಲ, ನಾಚಿಕೆಯಾಗಬೇಕು!

ದಫ್ತರ:
ಕಡೆಗಣಿಸಿದ ಒಂದು ವಾಕ್ಯ ತೋರಿಸಿ.

ಕುದಾಪುರದ ಹಾದಿ:
ಯಾವ ರಾಜರು, ಯಾವ ರಾಣಿ ಎಂದು ನೀವು ಬಡಿದಾಡಿಕೊಳ್ಳಿ. ಅವರು ಕೊಟ್ಟ 371 ಎಕರೆಗೆ ದಾನ ಎಂಬ ಹೆಸರಾದರೂ ಇದೆ. ನಮ್ಮ ಕಾವಲನ್ನು ಯಾರು ದಾನ ಮಾಡಿದರು? ರಕ್ಷಣಾ ಸಂಶೋಧನೆಯ ಡಿಆರ್‌ಡಿಒ, ಇಸ್ರೊ, ಅಣು ಸಂಶೋಧನೆಯ ಬಾರ್ಕ್, ವಿಜ್ಞಾನ ಸಂಸ್ಥೆ, ಎಲ್ಲರಿಗೂ ಹಂಚುವಾಗ ಕುರಿ ಕಾಯುವವನನ್ನು ಯಾರು ಕೇಳಿದರು?

ಮತ್ತಿಕೆರೆಯವನು:
ಕಾವಲು ಸರ್ಕಾರದ್ದು, ನಿಮ್ಮ ಪಿತ್ರಾರ್ಜಿತವಲ್ಲ. ಅಮೃತಮಹಲ್ ದನಗಳಿಗೆ ಮೀಸಲಿಟ್ಟದ್ದನ್ನು ‘ನಮ್ಮದು’ ಎನ್ನಲು ಪಟ್ಟಾ ಇದೆಯೇ?

ಕುದಾಪುರದ ಹಾದಿ:
ಪಟ್ಟಾ ಕೇಳುವ ದೊಡ್ಡವರೇ, ದನಗಳಿಗೆ ಮೀಸಲು ಎಂದು ನೀವೇ ಬರೆದಿರಿ. ಹಾಗಿದ್ದರೆ ಅಲ್ಲಿ ಗೋಡೆ ಎದ್ದದ್ದು ಯಾವ ದನಕ್ಕೆ?

ಮತ್ತಿಕೆರೆಯವನು:
ವಿಷಯ ಆಸ್ಪತ್ರೆಯದು, ದನದ್ದಲ್ಲ. ದಾರಿ ತಪ್ಪಿಸಬೇಡಿ. ರಾಜರ ವಿಷಯಕ್ಕೆ ಬಂದರೆ, 1907 ಎಂದು ನಾನು ಬರೆದದ್ದನ್ನು ಇದುವರೆಗೆ ಯಾರೂ ಅಲ್ಲಗಳೆದಿಲ್ಲ.

ದಫ್ತರ:
1907ನ್ನು ನಾನೇಕೆ ಅಲ್ಲಗಳೆಯಲಿ? ಮಹಾರಾಣಿಯವರ ಹೆಸರನ್ನು ಒಮ್ಮೆ ಬರೆಯಲು ನಿಮಗೇಕೆ ಕೈ ಬರುತ್ತಿಲ್ಲ ಎಂದು ಕೇಳುತ್ತಿದ್ದೇನೆ.

ಮತ್ತಿಕೆರೆಯವನು:
ನಾನು ಏನು ಬರೆಯಬೇಕೆಂದು ನೀವು ಹೇಳಿಕೊಡಬೇಕಾಗಿಲ್ಲ.